ಕೂರ್ಮಗಡದ ನಡುಗಡ್ಡೆಗೆ ಒಂದು ಯಾತ್ರೆ



ನಮ್ಮ ಕಡೆಯ ಮನೆಗಳಲ್ಲಿ ಸಮುದ್ರದ ನಡುವಣ ಪುಣ್ಯಕ್ಷೇತ್ರವೆಂದೊಡನೆ ಎಲ್ಲರ ಬಾಯಲ್ಲಿ ಬರುವ ಹೆಸರು ರಾಮೇಶ್ವರದ್ದು. ಕಾಶಿಗೆ ಹೋಗಿ ಬಂದವರು ರಾಮೇಶ್ವರಕ್ಕೂ ಹೋಗಿ ಬಂದರೆ ಯಾತ್ರೆ ಪೂರ್ಣವಾಯಿತೆಂದು ನಮ್ಮ ಹಿರಿಯರು ನಂಬಿದ್ದರು. ಆದರೆ ಆ ದ್ವೀಪಕ್ಕೆ 1914ರಲ್ಲಿಯೇ ಪಾಂಬನ್ ರೈಲು ಸೇತುವೆಯಾಯಿತು. 1988ರಲ್ಲಿ ರಸ್ತೆಯ ಸೇತುವೆ ಬಂದಿತು. 2025ರ ಏಪ್ರಿಲ್ 6ರಂದು ಹೊಸ ರೈಲು ಸೇತುವೆಯೂ ಉದ್ಘಾಟನೆಗೊಂಡಿತು. ರೈಲಿನಲ್ಲಿ ನಿದ್ದೆ ಹೋದ ಯಾತ್ರಿಕನಿಗೆ ತಾನು ಕಡಲನ್ನು ದಾಟಿದ ಸಂಗತಿಯೇ ತಿಳಿಯದೆ ಹೋಗಬಹುದು. 1964ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಡಿಯೂ ಅಲ್ಲಿಗೆ ಹೊರಟಿದ್ದ ರೈಲೂ ನೀರುಪಾಲಾದ ಕಥೆಯನ್ನು ಮಾರ್ಗದರ್ಶಕರು ಹೇಳಿದಾಗ ಮಾತ್ರ ಸಮುದ್ರದ ನೆನಪಾಗುತ್ತದೆ.

ಸೇತುವೆಯಿಲ್ಲದ, ದೋಣಿಯ ಹೊರತು ಬೇರೆ ಮಾರ್ಗವೇ ಇಲ್ಲದ ನಡುಗಡ್ಡೆಯ ಕ್ಷೇತ್ರವೊಂದು ನಮ್ಮ ನಾಡಿನಲ್ಲಿಯೇ ಇದೆ. ಕಾರವಾರದ ಎದುರಿಗೆ, ಕಾಳಿ ನದಿಯ ಮುಖದಾಚೆ, ಬೆನ್ನುಬ್ಬಿದ ಆಮೆಯಂತೆ ಕಾಣುವ ಕೂರ್ಮಗಡವೇ ಅದು. ಅದರ ಮೇಲೆ ನರಸಿಂಹ ದೇವರ ಗುಡಿಯಿದೆ. ಹೆಸರಿನಲ್ಲಿ ಕೂರ್ಮ, ಗುಡಿಯಲ್ಲಿ ನರಸಿಂಹ. ಹೀಗೆ ಎರಡು ಅವತಾರಗಳು ಒಂದೇ ಬಂಡೆಯನ್ನು ಹಂಚಿಕೊಂಡಿವೆ. ಪ್ರತಿವರ್ಷ ಪುಷ್ಯ ಮಾಸದ ಹುಣ್ಣಿಮೆಯಂದು ಅಲ್ಲಿ ಜಾತ್ರೆ. ನಮ್ಮವರು ಬನದ ಹುಣ್ಣಿಮೆಯೆಂದು ಕರೆದು ಬಾದಾಮಿಯ ಬನಶಂಕರಿಯ ತೇರಿಗೆ ಹೊರಡುವ ದಿನವೇ ಅದು.

ಪೀರನವಾಡಿಯ ನಮ್ಮ ಓಣಿಯಲ್ಲಿ ಕಾರವಾರದ ಕಡೆಯ ಕುಟುಂಬವೊಂದು ಬಹುಕಾಲದಿಂದ ನೆಲೆಸಿದೆ. ಅವರು ಪ್ರತಿವರ್ಷವೂ ಈ ಜಾತ್ರೆಗೆ ಕರೆಯುತ್ತಿದ್ದರು. ನಾವು ಪ್ರತಿವರ್ಷವೂ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದೆವು. ಕೊನೆಗೆ ಹಟ ಹಿಡಿದವಳು ನನ್ನ ಅಕ್ಕ. ಎಪ್ಪತ್ತು ದಾಟಿದ ಆಕೆ ಅಲ್ಲಿಯವರೆಗೆ ಕಡಲನ್ನು ಕಂಡವಳಲ್ಲ. ಲಿಂಗವಂತರಿಗೆ ನರಸಿಂಹನ ಜಾತ್ರೆ ಏಕೆಂದು ಬಂಧುಗಳಲ್ಲಿ ಒಬ್ಬಿಬ್ಬರು ಆಕ್ಷೇಪಿಸಿದ್ದುಂಟು. ಓದುಗರಲ್ಲಿಯೂ ಕೆಲವರು ಹಾಗೆ ಕೇಳಿಯಾರು. ನೆರೆಯವರ ಪ್ರೀತಿಯ ಕರೆಯನ್ನು ಮನ್ನಿಸಿ ಹೋದೆವು. ಅದಕ್ಕಿಂತ ದೊಡ್ಡ ಸಮರ್ಥನೆ ನನ್ನಲ್ಲಿಲ್ಲ.

ಹುಣ್ಣಿಮೆಗೆ ಎರಡು ದಿನ ಮುಂಚೆ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಕಟ್ಟಿಕೊಂಡು, ರಾಯಣ್ಣನ ಪುತ್ಥಳಿಯಿರುವ ನಮ್ಮೂರ ವೃತ್ತದಿಂದ ಹೊರಟೆವು. ಅಲ್ಲಿ ದಾರಿ ಎರಡಾಗುತ್ತದೆ. ಒಂದು ಜಾಂಬೋಟಿಯ ಮೇಲೆ ಕಣಕುಂಬಿಗೆ, ಮಲಪ್ರಭೆಯ ಉಗಮಕ್ಕೆ. ಇನ್ನೊಂದು ಮಚ್ಛೆಯ ಮೇಲೆ ಖಾನಾಪುರಕ್ಕೆ. ನಾವು ಎರಡನೆಯದನ್ನು ಹಿಡಿದೆವು. ಖಾನಾಪುರದಲ್ಲಿ ಮಲಪ್ರಭೆಯನ್ನು ದಾಟಿ, ರಾಮನಗರದ ಮೇಲೆ ಜೋಯಿಡಾದ ಕಾಡನ್ನು ಸೇರಿದೆವು. ಇದೇ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಸಮಾಧಿಯಿದೆ. ಕಲ್ಯಾಣದ ಕ್ರಾಂತಿಯ ನಂತರ ಶರಣರು ಪಶ್ಚಿಮದ ಕಾಡಿನತ್ತ ನಡೆದ ಸೀಮೆಯಿದು. ವಾಹನದಲ್ಲಿ ಕುಳಿತು ಸಾಗುವ ನಮಗೆ ಅವರ ನಡಿಗೆಯನ್ನು ಊಹಿಸುವುದೂ ಕಷ್ಟ.

ಕುಂಬಾರವಾಡದಿಂದ ಒಳದಾರಿ ಹಿಡಿದು ಉಳವಿಗೆ ಹೋಗಿ ಆ ರಾತ್ರಿ ಅಲ್ಲಿಯೇ ತಂಗಿದೆವು. ಚನ್ನಬಸವಣ್ಣನವರ ಸಮಾಧಿಯ ಸನ್ನಿಧಿಯನ್ನು ಈ ಪುಟದ ಓದುಗರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಮುಂದಿನ ಭಾರತ ಹುಣ್ಣಿಮೆಯ ತೇರಿಗೆ ಚಕ್ಕಡಿ ಕಟ್ಟಿಕೊಂಡು ಬರುವವರಲ್ಲಿ ನಿಮ್ಮ ಮನೆಯವರೂ ಇದ್ದಾರು. ಜಾತ್ರೆಯ ಗದ್ದಲವಿಲ್ಲದ ಉಳವಿಯನ್ನು ನಾನು ಕಂಡದ್ದು ಅದೇ ಮೊದಲು. ನಸುಕಿನ ಮಂಜಿನಲ್ಲಿ ಅಕ್ಕ ಲಿಂಗಪೂಜೆ ಮುಗಿಸಿ, ಅಕ್ಕನಾಗಮ್ಮನ ಗವಿಯವರೆಗೆ ಕೋಲೂರಿಕೊಂಡು ಹೋಗಿ ಬಂದಳು. ಒಂದು ಹುಣ್ಣಿಮೆ ಕೂರ್ಮಗಡಕ್ಕೆ, ಮರು ಹುಣ್ಣಿಮೆ ಉಳವಿಗೆ. ಕಾಳಿಯ ಈ ಸೀಮೆಗೆ ತಿಂಗಳಿಗೊಂದು ಜಾತ್ರೆಯೆಂದು ಆಕೆಯೇ ಲೆಕ್ಕ ಹೇಳಿದಳು.

ಅಣಶಿ ಘಟ್ಟವನ್ನು ಇಳಿದು ಕದ್ರಾ ಸೇರಿದಾಗ ಗಾಳಿಯೇ ಬದಲಾಯಿತು. ಮೈ ಅಂಟತೊಡಗಿತು, ತೆಂಗು ಕಾಣಿಸಿತು. ಜೋಯಿಡಾದ ಡಿಗ್ಗಿಯ ಬಳಿ ಹುಟ್ಟಿ, ಸೂಪಾದಲ್ಲಿಯೂ ಕದ್ರಾದಲ್ಲಿಯೂ ಅಣೆಕಟ್ಟಿಗೆ ತಲೆಬಾಗಿ ಬಂದ ಕಾಳಿ, ಕಾರವಾರದ ಬಳಿ ಇದು ನದಿಯೋ ಸಮುದ್ರವೋ ಎನ್ನುವಷ್ಟು ವಿಶಾಲವಾಗಿ ಹರಡಿಕೊಂಡಿದ್ದಾಳೆ. ಅಲ್ಲಿದ್ದ ನಾಲ್ಕು ದಶಕದ ಹಳೆಯ ಹೆದ್ದಾರಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕುಸಿದು ಲಾರಿಯೊಂದು ಹೊಳೆಗೆ ಬಿದ್ದಿತ್ತು. ಅದರ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿದರು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದ ಅಕ್ಕ, ಹೊಸ ಸೇತುವೆಯನ್ನು ದಾಟುವಷ್ಟು ಹೊತ್ತೂ ಕಣ್ಣು ಮುಚ್ಚಿ ಕುಳಿತಿದ್ದಳು.

ಸೇತುವೆಯ ಆಚೆ ದಂಡೆಯ ಗುಡ್ಡವೇ ಸದಾಶಿವಗಡ. ಸೋದೆಯ ಅರಸ ಬಸವಲಿಂಗನು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಕೋಟೆ ಕಟ್ಟಿಸಿ, ತಂದೆ ಸದಾಶಿವಲಿಂಗನ ಹೆಸರನ್ನಿಟ್ಟನೆಂದು ಇತಿಹಾಸಕಾರರು ಹೇಳುತ್ತಾರೆ. ಅಲ್ಲಿ ದುರ್ಗಾದೇವಿಯ ಗುಡಿಯೂ ಇದೆ, ದರ್ಗಾವೂ ಇದೆ. ಗುಡ್ಡದ ಮೇಲಿನಿಂದ ನದಿ ಕಡಲನ್ನು ಕೂಡುವ ಸ್ಥಳ, ದೇವಬಾಗದ ಮರಳು ದಂಡೆ, ದೂರದ ನಡುಗಡ್ಡೆಗಳು ಕಣ್ಣಿಗೆ ಬೀಳುತ್ತವೆ. ಈ ಪ್ರಯಾಣದಲ್ಲಿ ಒಂದೇ ಗಂಟೆ ಬಿಡುವಿದ್ದರೆ ಅದನ್ನು ಇಲ್ಲಿಯೇ ಕಳೆಯಿರಿ.

ಕಾರವಾರದ ಕಡಲ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು 1880ರ ದಶಕದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮನಾದ ರವೀಂದ್ರರು ಅವರ ಬಳಿ ಬಂದುಳಿದು ಒಂದು ನಾಟಕವನ್ನೂ ಬರೆದರು. ಇದೇ ದಂಡೆಯಲ್ಲಿ ಸೇವೆಯಿಂದ ನಿವೃತ್ತವಾದ ಚಾಪಲ್ ಎಂಬ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ಮೊಮ್ಮಕ್ಕಳು ಅದನ್ನು ಬಿಟ್ಟು ಕದಲಲೊಲ್ಲರು. ಅಕ್ಕ ಮಾತ್ರ ನೌಕೆಯನ್ನೂ ನೋಡಲಿಲ್ಲ, ಠಾಕೂರರ ಮಾತನ್ನೂ ಕೇಳಲಿಲ್ಲ. ತೆರೆ ಬಂದು ಪಾದ ತೊಯ್ಯಿಸಿ ಹಿಂದೆ ಸರಿಯುವಾಗ ಕಾಲಡಿಯ ಮರಳು ಜಾರುತ್ತದಲ್ಲ, ಅದಕ್ಕೆ ಬೆದರಿ ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದಳು. "ಭೂಮಿನ ಎಳಕೊಂಡು ಹೊಂಟೈತಲ್ಲೋ ತಮ್ಮಾ" ಎಂದಳು.

ಈ ಜಾತ್ರೆಯ ವಿಷಯದಲ್ಲಿ ಮರೆಮಾಚಬಾರದ ಸಂಗತಿಯೊಂದಿದೆ. 2019ರ ಜನವರಿ 21, ಬನದ ಹುಣ್ಣಿಮೆ, ಸೋಮವಾರ. ಕೂರ್ಮಗಡದ ದರ್ಶನ ಮುಗಿಸಿ ಮಧ್ಯಾಹ್ನ ಮರಳುತ್ತಿದ್ದ ದೋಣಿಯೊಂದು ಕಡಲಿನಲ್ಲಿ ಮಗುಚಿಕೊಂಡಿತು. ಹದಿನಾರು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರಿದ್ದರು, ಮಕ್ಕಳೂ ಇದ್ದರು. ಸಮೀಪದಲ್ಲಿ ಸಾಗುತ್ತಿದ್ದ ದೋಣಿಗಳವರು ಕೈಗೆ ಸಿಕ್ಕವರನ್ನು ಮೇಲೆತ್ತಿದರು. ದೋಣಿಯಲ್ಲಿ ಸಾಮರ್ಥ್ಯಕ್ಕಿಂತ ಹೆಚ್ಚು ಜನರಿದ್ದುದೂ, ಜೀವರಕ್ಷಕ ಜಾಕೆಟ್‌ಗಳನ್ನು ತೊಡದಿದ್ದುದೂ ಆಗ ಎಲ್ಲರ ಬಾಯಲ್ಲಿದ್ದ ಮಾತು.

ನಾವು ಬಯಲುಸೀಮೆಯ ಜನ. ಬಸ್ಸಿನಲ್ಲಿ ಐವತ್ತರ ಜಾಗಕ್ಕೆ ಎಂಬತ್ತು ಮಂದಿ ತುಂಬಿದರೂ ಸ್ವಲ್ಪ ಸರಿಯಿರಿ ಎಂದು ಏರುವ ರೂಢಿ ನಮ್ಮದು. ದೋಣಿಯ ಲೆಕ್ಕವೇ ಬೇರೆ. ಭಾರ ಹೆಚ್ಚಿದಂತೆ ದೋಣಿಯ ಅಂಚು ನೀರಿಗೆ ಸಮೀಪವಾಗುತ್ತದೆ. ಆಗ ಸಣ್ಣ ತೆರೆಯೂ ಒಳನುಗ್ಗುತ್ತದೆ. ನೀರು ಬಂತೆಂದು ಹೆದರಿ, ಅಥವಾ ಚಿತ್ರ ತೆಗೆಯಲೆಂದು, ಜನರೆಲ್ಲ ಎದ್ದು ಒಂದೇ ಮಗ್ಗುಲಿಗೆ ಸರಿದರೆ ತೂಕ ತಪ್ಪುತ್ತದೆ. ಕಡಲ ದಂಡೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಸಮುದ್ರದಿಂದ ಗಾಳಿ ಬೀಸತೊಡಗುತ್ತದೆ, ತೆರೆಗಳು ಏಳುತ್ತವೆ. ನದಿಯ ಮುಖದಲ್ಲಿ ಹೊಳೆಯ ಸೆಳೆತವೂ ಕಡಲಿನ ತೆರೆಯೂ ಎದುರಾಗುವುದರಿಂದ ನೀರು ಇನ್ನೂ ಒರಟಾಗುತ್ತದೆ. ಬೆಳಿಗ್ಗೆ ಶಾಂತವಾಗಿದ್ದ ದಾರಿ ಮಧ್ಯಾಹ್ನವೂ ಹಾಗೆಯೇ ಇದ್ದೀತೆಂದು ತಿಳಿಯುವುದು ನಮ್ಮಂಥವರು ಮಾಡುವ ತಪ್ಪು. ನಮ್ಮ ನೆರೆಯವರು ಇದನ್ನರಿತವರಾದ್ದರಿಂದ, ಜಾತ್ರೆಯ ದಿನ ಮೊದಲ ದೋಣಿಗಳಲ್ಲಿಯೇ ಹೋಗಿ ಬಿಸಿಲೇರುವ ಮುಂಚೆ ಮರಳಬೇಕೆಂದು ಮೊದಲೇ ಕರಾರು ಮಾಡಿದ್ದರು.

ಕೋಡಿಬಾಗದ ದಂಡೆಯಲ್ಲಿ ಬೆಳಗಿನ ಜಾವವೇ ಸಾಲು ನಿಂತಿತ್ತು. ಪ್ರತಿಯೊಬ್ಬರ ಹೆಸರು, ವಯಸ್ಸು, ಊರು ಬರೆದುಕೊಂಡು ಕಿತ್ತಳೆ ಬಣ್ಣದ ಜಾಕೆಟ್ಟು ಕೊಡುತ್ತಿದ್ದರು. ಅಕ್ಕನ ಸರದಿ ಬಂದಾಗ ಆಕೆ ಅದನ್ನು ತೊಡಲು ಒಪ್ಪಲಿಲ್ಲ. ಎದೆಯ ಮೇಲಿನ ಕರಡಿಗೆ ಅದರ ಪಟ್ಟಿಯಡಿ ಸಿಲುಕಿ ಅದುಮುತ್ತದೆಂಬುದು ಆಕೆಯ ಸಂಕಟ. "ಎದಿ ಮ್ಯಾಲೆ ಲಿಂಗಪ್ಪ ಅದಾನ. ಅವ ಕಾಯ್ತಾನ. ಇದ್ಯಾಕ ಬೇಕು?" ಎಂದು ಜಾಕೆಟ್ಟನ್ನು ನನ್ನ ಕೈಗಿತ್ತಳು. ನಾನು ಏನು ಹೇಳಬೇಕೆಂದು ತಡವರಿಸುತ್ತಿರುವಾಗ ದೋಣಿಯ ವೃದ್ಧ ಮುಂದೆ ಬಂದ. ಕೊಂಕಣಿ ಬೆರೆತ ಕನ್ನಡದಲ್ಲಿ ಮೆಲ್ಲಗೆ ಹೇಳಿದ: "ಇದನ್ನು ಹಾಕದಿದ್ದರೆ ನಾನು ದೋಣಿ ಬಿಡುವುದಿಲ್ಲ ಅಮ್ಮಾ. ಆ ವರ್ಷ ನಾನು ಇದೇ ದಂಡೆಯ ಮೇಲಿದ್ದೆ."

ಅಕ್ಕ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಬಳಿಕ ಶಿವದಾರವನ್ನು ಸಡಿಲಿಸಿ, ಕರಡಿಗೆಯನ್ನು ಪಟ್ಟಿಯಿಂದ ಮೇಲಕ್ಕೆ, ಕೊರಳಿನ ಬುಡಕ್ಕೆ ಬರುವಂತೆ ಮಾಡಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ತೋಳು ಚಾಚಿ ನಿಂತಳು. ಆ ವೃದ್ಧನೇ ಬಕ್ಕಲುಗಳನ್ನು ಹಾಕಿದ. ಮೊಮ್ಮಕ್ಕಳು ನಕ್ಕರು, ಆಕೆ ನಗಲಿಲ್ಲ.

ಕಡಲ ಮೇಲಿನ ಆ ನಾಲ್ಕು ಕಿಲೋಮೀಟರಿನ ಪ್ರಯಾಣವನ್ನು ಹೇಗೆ ಹೇಳಲಿ? ಬಣ್ಣದ ಬಾವುಟ, ಮಾವಿನ ತೋರಣ, ಹೂಮಾಲೆಗಳಿಂದ ಸಿಂಗರಿಸಿದ ಮೀನುಗಾರರ ದೋಣಿಗಳು ಹಿಂದೆ ಮುಂದೆ ಸಾಗುತ್ತಿದ್ದವು. ಹೆಂಗಸರು ಮಡಿಲಲ್ಲಿ ಬಾಳೆಗೊನೆಗಳನ್ನು ಮಕ್ಕಳಂತೆ ಇಟ್ಟುಕೊಂಡಿದ್ದರು. ದಂಡೆ ದೂರವಾದಂತೆ ನೀರಿನ ಬಣ್ಣ ಕೆಂಪು ಬೆರೆತ ಕಂದಿನಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ ತಿರುಗಿತು. ದೋಣಿ ಏರಿ ಇಳಿದಾಗಲೆಲ್ಲ ಅಕ್ಕನ ತುಟಿ ಷಡಕ್ಷರಿಯನ್ನು ನುಡಿಯುತ್ತಿತ್ತು. ಪಕ್ಕದಲ್ಲಿ ಕುಳಿತ ಮೀನುಗಾರ ಹೆಣ್ಣುಮಗಳು ಭಾಷೆ ತಿಳಿಯದೆಯೂ ಆಕೆಯ ಅಂಗೈಯನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಳು. ನಡುಗಡ್ಡೆ ಮುಟ್ಟುವವರೆಗೂ ಬಿಡಲಿಲ್ಲ.

ಮೊಣಕಾಲುದ್ದದ ನೀರಿನಲ್ಲಿಳಿದು, ಗಿಡಗಳ ನಡುವಣ ಏರುದಾರಿಯಲ್ಲಿ ಮೇಲಕ್ಕೆ ಹೋದೆವು. ಗುಡಿ ಚಿಕ್ಕದು. ಕಲ್ಲಿನ ಕೆತ್ತನೆ, ಗೋಪುರಗಳ ವೈಭವವನ್ನು ನಿರೀಕ್ಷಿಸಿ ಬಂದವರಿಗೆ ನಿರಾಶೆಯಾದೀತು. ಇಲ್ಲಿ ನೋಡಬೇಕಾದದ್ದು ಬಂದ ಜನರನ್ನು. ವರ್ಷವಿಡೀ ಕಡಲಿನಲ್ಲಿ ಜೀವ ಪಣವಿಡುವವರು ತಂದ ಬಾಳೆಗೊನೆಗಳು ಗುಡಿಯ ಮುಂದೆ ರಾಶಿಯಾಗುತ್ತಿದ್ದವು. ಬಲೆಗೆ ಮೀನು ಬೀಳಲೆಂದು ಬೇಡುವವರು ಇದ್ದಿರಬೇಕು. ಆದರೆ ನಮ್ಮ ಜೊತೆಗಾರ ಹೆಣ್ಣುಮಗಳು ಹೇಳಿದ ಹರಕೆ, ನಮ್ಮ ನೆರೆಯವರು ತಿಳಿಸಿ ಹೇಳಿದಂತೆ, ಇಷ್ಟೇ: ಹೋದ ದೋಣಿ ಮರಳಿ ಬರಲಿ. ಅಕ್ಕ ಗುಡಿಯ ಹೊರಗೆ ನಿಂತು ಕೈಮುಗಿದಳು. ಪ್ರಸಾದದ ಹಣ್ಣನ್ನು ಅಲ್ಲಿಯೇ ಬಂಡೆಯ ಮೇಲೆ ಕುಳಿತು, ಪಡುವಣದ ಕೊನೆಯಿಲ್ಲದ ನೀರನ್ನು ನೋಡುತ್ತ ತಿಂದಳು.

ಹೋಗಬಯಸುವವರಿಗೆ ಒಂದೆರಡು ಮಾತು. ಜಾತ್ರೆಯ ದಿನದ ದೋಣಿ, ವೇಳೆಗಳ ಏರ್ಪಾಡನ್ನು ಕಾರವಾರದಲ್ಲಿಯೇ ವಿಚಾರಿಸಿಕೊಳ್ಳಿ. ಕುಡಿಯುವ ನೀರನ್ನು ಜೊತೆಗೊಯ್ಯಿರಿ. ಮಗುವಿನ ಅಳತೆಗೆ ಸರಿಯಾದ ಜಾಕೆಟ್ಟು ಸಿಗದಿದ್ದರೆ ಮಗುವಿನೊಡನೆ ಒಬ್ಬರು ದಂಡೆಯಲ್ಲಿಯೇ ಉಳಿಯಿರಿ. ಸದಾಶಿವಗಡದ ಗುಡ್ಡದಿಂದ ದರ್ಶನವಾದರೂ ಆಗುತ್ತದೆ. ತುಂಬಿದ ದೋಣಿಯನ್ನು ಹೋಗಗೊಟ್ಟು ಮುಂದಿನದಕ್ಕೆ ಕಾಯಿರಿ. ದೇವರು ಅಲ್ಲಿಂದ ಎಲ್ಲಿಗೂ ಹೋಗುವುದಿಲ್ಲ.

ಹನ್ನೊಂದು ಗಂಟೆಯೊಳಗೆ ನಾವು ಕೋಡಿಬಾಗಕ್ಕೆ ಮರಳಿದೆವು. ಪುಸ್ತಕ ಹಿಡಿದು ಕುಳಿತಿದ್ದ ಹುಡುಗ ನಮ್ಮ ಒಂದೊಂದು ಹೆಸರಿನ ಮುಂದೆಯೂ ಗೀಟೆಳೆದ. ಅಕ್ಕ ಜಾಕೆಟ್ಟು ಕಳಚಿ ಕೊಟ್ಟು, ಕರಡಿಗೆಯನ್ನು ಮೊದಲಿನ ಸ್ಥಾನಕ್ಕೆ ಇಳಿಸಿಕೊಂಡು, ಅವನ ಪುಸ್ತಕವನ್ನು ಬಗ್ಗಿ ನೋಡಿದಳು. ಕೆಲವು ಹೆಸರುಗಳ ಮುಂದೆ ಗೀಟು ಇರಲಿಲ್ಲ.

"ಇವರೆಲ್ಲಿ?" ಎಂದು ಕೇಳಿದಳು.

"ಇನ್ನೂ ಎರಡು ದೋಣಿ ಬರಬೇಕು ಅಜ್ಜಿ."

ನಮ್ಮ ವಾಹನ ಕಾಯುತ್ತಿತ್ತು. ಘಟ್ಟವನ್ನು ಹಗಲಿನಲ್ಲಿಯೇ ಏರಬೇಕಿತ್ತು. ಆದರೂ ಅಕ್ಕ ತೆಂಗಿನ ಮರದಡಿ ಕುಳಿತೇ ಬಿಟ್ಟಳು. ಎರಡನೆಯ ದೋಣಿ ದಂಡೆಗೆ ತಾಗಿ, ಹುಡುಗ ಕೊನೆಯ ಗೀಟು ಎಳೆದ ಮೇಲೆಯೇ ಆಕೆ ಕೋಲೂರಿ ಎದ್ದದ್ದು.