ಬೀಗ ಕೆಟ್ಟರೆ ಬೀಗ ಬದಲಿಸಿ, ಬಟನ್ ಹಾಕಿಸಬೇಡಿ

ಈ ವಾರ ಗೊಬ್ಬರ, ರೋಗ, ರೇಟು ಯಾವುದೂ ಬೇಡ. ನಮ್ಮ ಬೆಳೆಯನ್ನು ಊರಿಂದ ಬೆಂಗಳೂರಿಗೆ ಮುಟ್ಟಿಸುವ ಗಾಡಿಯ ಕೀ ಬಗ್ಗೆ ಮಾತಾಡೋಣ.

ಬೆಳಗಿನ ಜಾವ ಕನಕಪುರ ರಸ್ತೆಯಲ್ಲಿ ಬಂದು ಸಾರಕ್ಕಿ ಮಾರ್ಕೆಟ್ ಹತ್ತಿರ ನಿಲ್ಲುವ ಗೂಡ್ಸ್ ಗಾಡಿಗಳ ಒಳಗೆ ಒಮ್ಮೆ ಇಣುಕಿ ನೋಡಿ. ಕೆಲವದರಲ್ಲಿ ಕೀ ಹಾಕುವ ಜಾಗ ಖಾಲಿ ತೂತು. ಪಕ್ಕದಲ್ಲಿ ಒಂದು ಸ್ವಿಚ್, ಒಂದು ಬಟನ್. ಕೇಳಿದರೆ, "ಲಾಕ್ ಕೆಟ್ಟಿತ್ತು, ಡೈರೆಕ್ಟ್ ಮಾಡಿಸಿಬಿಟ್ಟೆ, ಗಾಡಿ ಓಡ್ತಾ ಇದೆಯಲ್ಲ" ಅಂತಾರೆ. ಓಡ್ತಾ ಇದೆ ನಿಜ. ನಿಮಗೆ ಓಡುವ ಹಾಗೆಯೇ ಕಳ್ಳನಿಗೂ ಓಡುತ್ತೆ.

ಹಾಗೆ ಮಾಡಿಸುವವರ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ಸೊಪ್ಪು ಕಿತ್ತು ಕಟ್ಟಿ ಆಗಿದೆ, ಬಿಸಿಲೇರಿದರೆ ಬಾಡುತ್ತೆ, ಹೊಸ ಲಾಕ್ ಬರೋಕೆ ಎರಡು ದಿನ. ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಬಟನ್ ಹಾಕಿ ಕಳಿಸ್ತಾನೆ. ಆ ದಿನದ ಮಟ್ಟಿಗೆ ಅದು ದಾರಿ ಇರಬಹುದು. ಆದರೆ ಎರಡು ದಿನಕ್ಕೆ ಅಂತ ಹಾಕಿಸಿದ ಬಟನ್ ಎರಡು ವರ್ಷ ಉಳಿಯುತ್ತಲ್ಲ, ನನ್ನ ತಕರಾರು ಅದಕ್ಕೆ.

ನಮ್ಮ ಗಾಡಿಗಳಲ್ಲೇ ಯಾಕೆ ಬೇಗ ಸವೆಯುತ್ತೆ?

ಮಂಡಿಗೆ ಹಾಕುವವನು ದಿನಕ್ಕೆ ನಾಲ್ಕು ಸಲ ಕೀ ತಿರುಗಿಸಬಹುದು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಅಂತ ಮನೆ ಮನೆಗೆ, ಅಪಾರ್ಟ್‌ಮೆಂಟ್‌ಗಳಿಗೆ ತರಕಾರಿ ಕೊಡುವ ನಮ್ಮ ಲೆಕ್ಕ ಬೇರೆ. ಒಂದು ಸುತ್ತಿಗೆ 25 ಕಡೆ ನಿಲ್ಲಿಸಿ, ವಾರಕ್ಕೆ ಎರಡು ಸುತ್ತು ಹೊಡೆದರೆ ವರ್ಷಕ್ಕೆ 2600 ಸಲ ಆಫ್, 2600 ಸಲ ಸ್ಟಾರ್ಟ್. ಅದೂ ಹೊಲದ ಮಣ್ಣು ಮೆತ್ತಿದ ಕೈಯಲ್ಲಿ.

ಸಿಲಿಂಡರ್ ಒಳಗೆ ಸ್ಪ್ರಿಂಗ್ ಮೇಲೆ ಕೂತ ತೆಳ್ಳಗಿನ ಲೋಹದ ತಗಡುಗಳ ಸಾಲು ಇರುತ್ತೆ. ಸರಿಯಾದ ಕೀ ಹೋದಾಗ ಎಲ್ಲವೂ ಒಂದೇ ಮಟ್ಟಕ್ಕೆ ಬಂದು ಬೀಗ ತಿರುಗುತ್ತೆ. ಕೀ ಹಲ್ಲು, ತಗಡು ಎರಡೂ ಸವೆದರೆ ಮೊದಲು ಬಿಗಿಯಾಗುತ್ತೆ, ಆಮೇಲೆ ಒಂದು ದಿನ ತಿರುಗೋದೇ ಇಲ್ಲ. ಕೆಲವು ಸಲ ಉಲ್ಟಾ: ಯಾವ ಕೀ ಹಾಕಿದರೂ ತಿರುಗುತ್ತೆ. ಅದು ಇನ್ನೂ ಅಪಾಯ.

ಅದೇ ಗೊಂಚಲಿಗೆ ಪಂಪ್‌ಹೌಸ್ ಕೀ, ಗೇಟ್ ಕೀ, ಗೋಡೌನ್ ಕೀ ಎಲ್ಲ ನೇತಾಡುತ್ತಾ ಇರುತ್ತೆ. ಇದನ್ನು ಸಣ್ಣದು ಅಂದುಕೊಳ್ಳಬೇಡಿ. 2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಆ ಕಾರುಗಳ ಇಗ್ನಿಷನ್ ಸ್ವಿಚ್ ಎಷ್ಟು ಸಡಿಲ ಇತ್ತೆಂದರೆ, ಭಾರದ ಗೊಂಚಲು ಅಥವಾ ರಸ್ತೆಯ ಒಂದು ಕುಲುಕಾಟಕ್ಕೆ ಓಡುತ್ತಿರುವಾಗಲೇ ಇಂಜಿನ್ ಆಫ್ ಆಗುತ್ತಿತ್ತು, ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಈ ದೋಷದಿಂದಾದ 124 ಸಾವುಗಳಿಗೆ ಪರಿಹಾರ ಕೊಡಬೇಕಾಯಿತು. ಗಾಡಿ ಕೀ ಒಂಟಿಯಾಗಿರಲಿ.

ಬಟನ್ನಿನ ನಿಜವಾದ ಬೆಲೆ

ಪಂಪ್‌ಸೆಟ್ ಸ್ಟಾರ್ಟರ್ ಕೆಟ್ಟಾಗ ಡೈರೆಕ್ಟ್ ಕೊಟ್ಟು ಮೋಟಾರ್ ಸುಟ್ಟುಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ಗಾಡಿಯಲ್ಲೂ ಅದೇ ಕಥೆ. ಫ್ಯೂಸ್ ಇಲ್ಲದೆ, ಟೇಪ್ ಸುತ್ತಿ ಜೋಡಿಸಿದ ವೈರು ಬಿಸಿಯಾಗಿ ಕರಗಬಹುದು, ಬೆಂಕಿಯೂ ಹತ್ತಬಹುದು. ಕೀ ಜೊತೆಗೇ ಕೆಲಸ ಮಾಡುವ ಸ್ಟೀರಿಂಗ್ ಲಾಕ್ ಕೂಡ ಹೋಯಿತು ಅಂತಲೇ ಲೆಕ್ಕ.

ಇನ್ಶೂರೆನ್ಸ್ ವಿಷಯ ಇನ್ನೂ ಮುಖ್ಯ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಗಾಡಿ ಕಳುವಾದಾಗ ಒಂದು ರೂಪಾಯಿ ಬರಲ್ಲ. ಫುಲ್ ಪಾಲಿಸಿ ಇದ್ದರೂ ಕ್ಲೇಮ್ ಮಾಡುವಾಗ ಸಾಮಾನ್ಯವಾಗಿ ಎರಡೂ ಒರಿಜಿನಲ್ ಕೀ ಕೇಳ್ತಾರೆ. ಗಾಡಿಯನ್ನು ಜೋಪಾನವಾಗಿ ಇಟ್ಟುಕೊಂಡಿರಬೇಕು ಅನ್ನೋದು ಪಾಲಿಸಿಯ ಷರತ್ತು. ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಗಾಡಿಗೆ ನೀವು ಏನಂತ ಉತ್ತರ ಕೊಡ್ತೀರಿ?

ಹಾಗಾದರೆ ಏನು ಮಾಡಬೇಕು?

ಮೊದಲು ಸ್ಪೇರ್ ಕೀ ಹಾಕಿ ನೋಡಿ. ಅದು ಸಲೀಸಾಗಿ ತಿರುಗಿದರೆ ಸವೆದಿರೋದು ಕೀ, ಬೀಗ ಅಲ್ಲ. ಡೂಪ್ಲಿಕೇಟ್ ಮಾಡಿಸೋದಾದರೆ ಆ ಸ್ಪೇರ್‌ನಿಂದಲೇ ಮಾಡಿಸಿ. ಸವೆದ ಕೀ ತೋರಿಸಿದರೆ ಸವೆದ ಕೀಯೇ ಸಿಗುತ್ತೆ. ಕೀ ಸಿಕ್ಕಿಹಾಕಿಕೊಂಡಾಗ ಬಲ ಹಾಕಬೇಡಿ, ಸ್ಟೀರಿಂಗ್ ಸ್ವಲ್ಪ ಅತ್ತಿತ್ತ ಆಡಿಸುತ್ತಾ ತಿರುಗಿಸಿ. ಬೀಗಕ್ಕೆ ಇಂಜಿನ್ ಆಯಿಲ್ ಬಿಡಬೇಡಿ, ಧೂಳು ಸೇರಿ ಕೆಸರಾಗುತ್ತೆ. ಗ್ರಾಫೈಟ್ ಪುಡಿ ಒಂದು ಚಿಟಿಕೆ ಸಾಕು.

ಕೀ ಚೆನ್ನಾಗಿ ತಿರುಗುತ್ತೆ ಆದರೆ ಕರೆಂಟ್ ಬರಲ್ಲ, ಬಂದು ಹೋಗುತ್ತೆ ಅಂದರೆ ಬ್ಯಾಟರಿ, ಫ್ಯೂಸ್ ಜೊತೆಗೆ ಹಿಂದಿನ ಸ್ವಿಚ್ ಭಾಗವನ್ನೂ ನೋಡಿಸಿ. ಬಹಳ ಗಾಡಿಗಳಲ್ಲಿ ಅದು ಸಿಲಿಂಡರಿನಿಂದ ಬೇರೆಯಾಗಿಯೇ ಬರುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡಕ್ಕೂ ದುಡ್ಡು ಕೊಡಬೇಡಿ.

ಸಿಲಿಂಡರ್ ಬದಲಿಸುವ ಕ್ರಮ ಸ್ಥೂಲವಾಗಿ ಹೀಗೆ. ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ಸ್ಟೀರಿಂಗ್ ಕೆಳಗಿನ ಕವರ್ ಬಿಚ್ಚಬೇಕು. ಕೆಲವು ಮಾಡೆಲ್‌ಗಳಲ್ಲಿ ಸರಿಯಾದ ಕೀ ಹಾಕಿ ನಿಗದಿತ ಸ್ಥಾನಕ್ಕೆ ತಿರುಗಿಸಿ, ಸಣ್ಣ ತೂತಿನೊಳಗಿನ ಪಿನ್ ಒತ್ತಿದರೆ ಸಿಲಿಂಡರ್ ಮಾತ್ರ ಹೊರಗೆ ಬರುತ್ತೆ. ಇನ್ನು ಕೆಲವದರಲ್ಲಿ ಇಡೀ ಲಾಕ್ ಅನ್ನು ತಲೆ ಮುರಿದ ಬೋಲ್ಟ್‌ಗಳಿಂದ ಬಿಗಿದಿರುತ್ತಾರೆ, ಸುಲಭಕ್ಕೆ ಬಿಚ್ಚಬಾರದು ಅಂತಲೇ. ಅದು ಮೆಕ್ಯಾನಿಕ್ ಕೆಲಸ. ಏರ್‌ಬ್ಯಾಗ್ ಇರುವ ಅಥವಾ ಕೀಯಲ್ಲಿ ಚಿಪ್ ಇರುವ ಗಾಡಿಯಾದರೆ ಸರ್ವಿಸ್ ಸೆಂಟರ್‌ಗೇ ಹೋಗಿ. ಕವರ್ ಮುಚ್ಚುವ ಮೊದಲೇ ನಾಲ್ಕು ಸಲ ಸ್ಟಾರ್ಟ್ ಮಾಡಿ, ಸ್ಟೀರಿಂಗ್ ಲಾಕ್ ಬಿದ್ದು ಬಿಡುತ್ತದೆಯಾ ನೋಡಿ.

ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಇದ್ದೇ ಇದೆ. ಆದರೆ ಬೀಗದಲ್ಲಿ ಮಾತ್ರ ಹಳೆ ಮಾಲು ಬೇಡ. ಅದರ ಇನ್ನೊಂದು ಕೀ ಯಾರ ಹತ್ತಿರ ಇದೆಯೋ ಗೊತ್ತಿರಲ್ಲ. ಬಾಗಿಲಿಗೂ ಸ್ಟಾರ್ಟಿಗೂ ಒಂದೇ ಕೀ ಬೇಕಿದ್ದರೆ, ಬೈಕಿನಲ್ಲಿ ಟ್ಯಾಂಕಿಗೂ ಒಂದೇ ಬೇಕಿದ್ದರೆ, ಪೂರ್ತಿ ಲಾಕ್ ಸೆಟ್ ಕೇಳಿ. ಬಿಲ್ ತಗೊಳ್ಳಿ, ಹಳೆ ಕೀ ಎರಡನ್ನೂ ಎಸೆಯಬೇಡಿ. ಹೊಸ ಕೀ ಜೊತೆ ನಂಬರ್ ಇರುವ ಬಿಲ್ಲೆ ಬಂದಿದ್ದರೆ ಫೋಟೋ ತೆಗೆದು ಇಟ್ಟುಕೊಳ್ಳಿ, ಬೇರೆಯವರಿಗೆ ಕಳಿಸಬೇಡಿ.

ಕೀ ಬಿಗಿಯಾಗೋಕೆ ಶುರುವಾದ ದಿನವೇ ಇದನ್ನೆಲ್ಲ ಮಾಡಿದರೆ ಕೊಯ್ಲಿನ ದಿನ ಒದ್ದಾಡುವ ಪ್ರಮೇಯ ಬರಲ್ಲ. ಆಯುಧಪೂಜೆಗೆ ಗಾಡಿ ತೊಳೆದು, ಹೂ ಹಾಕಿ, ಬೂದುಗುಂಬಳ ಒಡೆಯುತ್ತೇವಲ್ಲ, ಅಲ್ಲಿಯವರೆಗೂ ಕಾಯಬೇಡಿ. ಕೊಯ್ಲು ಇಲ್ಲದ ಒಂದು ದಿನ ನೋಡಿಕೊಂಡು ಗಾಡಿಯನ್ನು ಗ್ಯಾರೇಜಿಗೆ ಬಿಡಿ. ಈಗಾಗಲೇ ಬಟನ್ ಹಾಕಿಸಿದ್ದರೆ ಈ ತಿಂಗಳೇ ತೆಗೆಸಿ.