ಕೊಳವೆಯ ಗುತ್ತಿಗೆಯೂ ನೀರಿನ ಹೊಣೆಯೂ

ನಗರಸಭೆಯ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಬೀದಿದೀಪ, ಚರಂಡಿ, ಮಳಿಗೆಗಳ ಹರಾಜು ಮೊದಲಾದ ವಿಷಯಗಳ ನಡುವೆ ಕ್ರಮಸಂಖ್ಯೆಯೊಂದನ್ನು ಹೊತ್ತು ಬರುವ ನೀರು ಸರಬರಾಜು ಕಾಮಗಾರಿಯ ಗುತ್ತಿಗೆಯು, ಓದಿದ ಕೆಲವೇ ನಿಮಿಷಗಳಲ್ಲಿ ಅನುಮೋದನೆಯ ಷರಾ ಪಡೆದು ಕಡತವನ್ನು ಸೇರಿಬಿಡುವುದು ನಮ್ಮ ಪೌರಾಡಳಿತದಲ್ಲಿ ಅಪರೂಪದ ಸಂಗತಿಯಲ್ಲ. ರಸ್ತೆಯ ಮೇಲೆ ಹಾಸಿದ ಡಾಂಬರು ಕಳಪೆಯಾದರೆ ಮುಂದಿನ ಮಳೆಗಾಲವೇ ಅದನ್ನು ಬಯಲಿಗೆಳೆಯುವುದು; ನೆಲದಡಿಯಲ್ಲಿ ಹೂಳಿದ ಕೊಳವೆಯ ದೋಷವಾದರೋ, ಗುತ್ತಿಗೆದಾರನು ಕಡೆಯ ಬಿಲ್ಲನ್ನು ಪಡೆದು, ಅನುಮೋದಿಸಿದ ಸದಸ್ಯರ ಅವಧಿ ಮುಗಿದು, ಅಳತೆ ಪುಸ್ತಕಕ್ಕೆ ಸಹಿ ಮಾಡಿದ ಎಂಜಿನಿಯರು ಬೇರೊಂದು ಜಿಲ್ಲೆಗೆ ವರ್ಗವಾಗಿ ಹೋದ ಮೇಲೆ, ದಿಣ್ಣೆಯ ಮೇಲಿನ ಬಡಾವಣೆಯೊಂದರ ಬರಿದಾದ ನಲ್ಲಿಯಲ್ಲಿ ಮೊದಲಬಾರಿಗೆ ಕಾಣಿಸಿಕೊಳ್ಳುವುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನೊಳಗೊಂಡ ಕೋಲಾರ ಜಿಲ್ಲೆಯ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲವಾಗಿ, ಅಂತಹ ದೋಷಕ್ಕೆ ಇಲ್ಲಿನ ಜನ ತೆರುವ ಬೆಲೆ ಬೇರೆಡೆಗಿಂತ ಅಧಿಕವಾದುದು. ಆದಕಾರಣ, ಗುತ್ತಿಗೆಯನ್ನು ಪರಿಶೀಲಿಸುವ ಸಭೆಯು ಕೊಳವೆಯನ್ನು ಅತಿ ಕಡಿಮೆ ದರಕ್ಕೆ ಹೂಳುವವರು ಯಾರೆಂದು ಕೇಳುವುದಕ್ಕೆ ಮೊದಲು, ಹೂಳಿದ ಕೊಳವೆಯಲ್ಲಿ ಹತ್ತು ವರ್ಷಗಳ ತರುವಾಯವೂ ನೀರು ಬರುವಂತೆ ನೋಡಿಕೊಳ್ಳುವ ಹೊಣೆ ಯಾರದೆಂದು ಕೇಳತಕ್ಕದ್ದೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಈ ಪ್ರಶ್ನೆ ನಮ್ಮ ನೆಲಕ್ಕೆ ಹೊಸದಲ್ಲ. ಬಿ. ಎಲ್. ರೈಸರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳ ಭಂಡಾರ. ಅದರ ಪುಟಗಳಲ್ಲಿ ಯುದ್ಧಕ್ಕಿರುವಷ್ಟೇ ಸ್ಥಳ ಕೆರೆಗೂ ಉಂಟು. ಮುಳಬಾಗಿಲು ತಾಲ್ಲೂಕಿನ ಆವನಿಯ ಹತ್ತನೆಯ ಶತಮಾನದ ಶಾಸನವೊಂದು, ಅಲ್ಲಿನ ಶೈವಸ್ಥಾನವನ್ನು ನಾಲ್ವತ್ತು ವರ್ಷ ಆಳಿದ ತ್ರಿಭುವನಕರ್ತಾರದೇವರು ಐವತ್ತು ದೇವಾಲಯಗಳೊಂದಿಗೆ ಎರಡು ಹಿರಿಯ ಕೆರೆಗಳನ್ನೂ ಮಾಡಿಸಿದರೆಂದು ಸ್ಮರಿಸುವುದು. ಅಂದು ಕೋಲಾರಕ್ಕೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ 1388ರ ಶಾಸನವು, ಪೆನುಗೊಂಡೆಯಲ್ಲಿದ್ದ ಪ್ರತಾಪ ಬುಕ್ಕರಾಯನು ಜಲಸೂತ್ರದಲ್ಲಿ ನಿಪುಣನಾದ ಸಿಂಗಾಯಭಟ್ಟನಿಗೆ ಹೆನ್ನೆ ನದಿಯನ್ನು ತನ್ನ ಪಟ್ಟಣಕ್ಕೆ ತರುವಂತೆ ಆಜ್ಞಾಪಿಸಿದುದನ್ನು ತಿಳಿಸುವುದು. ಆದರೆ ಇಂತಹ ಮಹಾಕಾರ್ಯಗಳಿಗಿಂತಲೂ ಇಂದಿನ ನಮಗೆ ಹೆಚ್ಚು ಬೋಧಕವಾದುವು ಸಣ್ಣ ದತ್ತಿಗಳನ್ನು ಕುರಿತ ಕಲ್ಲುಗಳು. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ಕಾಯುವವನಿಗೂ ಕಟ್ಟುಕೊಡಗೆಯಾಗಿ ಭೂಮಿಯನ್ನು ಬಿಡುತ್ತಿದ್ದರು. ಕೆರೆಯ ಕೆಳಗಣ ಗದ್ದೆಯಿಂದ ಬಿತ್ತುವಟ್ಟವೆಂಬ ಪಾಲನ್ನು ತೆಗೆದಿರಿಸಿ ಅದನ್ನು ಕೆರೆಯ ದುರಸ್ತಿಗೆ ವಿನಿಯೋಗಿಸುತ್ತಿದ್ದರು. ಹೂಳನ್ನು ಹೊತ್ತೊಯ್ಯುವ ಕೆರೆಬಂಡಿ ನಿಲ್ಲದಿರಲೆಂದು ಅದಕ್ಕೂ ದತ್ತಿಯಿದ್ದಿತು. ತೂಬನ್ನು ತೆರೆದು ಮುಚ್ಚಿ ಸರದಿಯಂತೆ ನೀರನ್ನು ಹಾಯಿಸುವ ನೀರುಗಂಟಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿದ್ದಿತು. ಕಟ್ಟುವ ವೆಚ್ಚವನ್ನೂ ಕಾಪಾಡುವ ವೆಚ್ಚವನ್ನೂ ಹೀಗೆ ಒಟ್ಟಿಗೆ ಯೋಚಿಸಿದ ಆ ವ್ಯವಸ್ಥೆ ನಿರ್ದೋಷವಾಗಿದ್ದಿತೆಂದು ಹೇಳಲಾಗದು. ಕೆರೆಯ ನೀರಿನ ಹಕ್ಕು ಭೂಮಿಯುಳ್ಳವನದಾಗಿದ್ದಿತೇ ವಿನಾ ಎಲ್ಲರದಾಗಿರಲಿಲ್ಲ, ಜಾತಿಯ ಕಾರಣದಿಂದ ಬಾವಿಯ ಕಟ್ಟೆಯನ್ನೇರಲಾರದೆ ದೂರ ನಿಂತವರ ಬಾಯಾರಿಕೆಯನ್ನು ದಾನಿಗಳು ಗಣನೆಗೆ ತಂದುಕೊಂಡಂತೆ ತೋರುವುದಿಲ್ಲ. ಆದರೂ ಕಟ್ಟಡ ಮುಗಿದ ದಿನವೇ ಕರ್ತವ್ಯವೂ ಮುಗಿಯಿತೆಂಬ ಭ್ರಾಂತಿ ಅವರಿಗೆ ಇರಲಿಲ್ಲ. ಆ ಭ್ರಾಂತಿ ನಮ್ಮ ಕಾಲದ್ದು.

ನಮ್ಮ ಕಣ್ಣೆದುರಿನಲ್ಲೇ ನಡೆದ ಯರಗೋಳು ಯೋಜನೆಯನ್ನು ನೋಡೋಣ. ಬಂಗಾರಪೇಟೆ ತಾಲ್ಲೂಕಿನಲ್ಲಿ, ತಮಿಳುನಾಡಿನ ಗಡಿಗೆ ಸಮೀಪವಾಗಿ, ದಕ್ಷಿಣ ಪಿನಾಕಿನಿಯ ಉಪನದಿಯಾದ ಮಾರ್ಕಂಡೇಯಕ್ಕೆ ಅಡ್ಡಲಾಗಿ ಕಟ್ಟಿದ ಈ ಜಲಾಶಯವು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೂ ನಾಲ್ವತ್ತಕ್ಕೂ ಹೆಚ್ಚು ಹಳ್ಳಿಗಳಿಗೂ ಕುಡಿಯುವ ನೀರನ್ನು ಒದಗಿಸುವ ಉದ್ದೇಶದಿಂದ ಹುಟ್ಟಿದುದು. ಈ ಶತಮಾನದ ಮೊದಲ ದಶಕದಲ್ಲಿ ಕೈಗೆತ್ತಿಕೊಂಡ ಕಾಮಗಾರಿಯನ್ನು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಲೋಕಾರ್ಪಣ ಮಾಡಿದುದು 2023ರ ನವೆಂಬರ್ 11ರಂದು. ನಡುವಣ ಕಾಲವನ್ನು ಅರಣ್ಯಭೂಮಿಯ ಅನುಮತಿ, ಭೂಸ್ವಾಧೀನ, ಅಂದಾಜುಪಟ್ಟಿಯ ಪರಿಷ್ಕರಣ, ನೆರೆರಾಜ್ಯದ ಆಕ್ಷೇಪಣೆಗಳು ನುಂಗಿದುವು. ತಮಿಳುನಾಡಿನ ಮಧ್ಯಂತರ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿ, ಅಂತರರಾಜ್ಯ ಜಲವಿವಾದದ ನ್ಯಾಯಾಧಿಕರಣದ ಮಾರ್ಗವನ್ನು ತೋರಿಸಿದುದು 2019ರ ನವೆಂಬರಿನಲ್ಲಿ. ಮಾಲೂರಿನಲ್ಲಿ ಯರಗೋಳಿನ ನೀರು ಬರುವುದೆಂಬ ಮಾತನ್ನು ಕೇಳುತ್ತ ಶಾಲೆಗೆ ಸೇರಿದ ಮಗು ಅದು ಬರುವ ವೇಳೆಗೆ ಮತದಾರನಾಗಿದ್ದಿತು.

ಇಷ್ಟು ತಪಸ್ಸಿನ ಫಲವಾದ ಜಲಾಶಯದ ಸಾಮರ್ಥ್ಯ ಅರ್ಧ ಟಿಎಂಸಿ, ಎಂದರೆ 50 ಕೋಟಿ ಘನ ಅಡಿ. ಲೀಟರಿನ ಲೆಕ್ಕದಲ್ಲಿ ಸುಮಾರು 1,416 ಕೋಟಿ. ವರ್ಷಕ್ಕೊಮ್ಮೆ ಅದು ಪೂರ್ಣವಾಗಿ ತುಂಬಿತೆಂದೂ, ಕೋಲಾರದ ಬಿಸಿಲಿಗೆ ಒಂದು ಹನಿಯೂ ಆವಿಯಾಗಲಿಲ್ಲವೆಂದೂ ಭಾವಿಸಿದರೆ, ದಿನವೊಂದಕ್ಕೆ ದೊರೆಯುವುದು 3.88 ಕೋಟಿ ಲೀಟರು. ಮೂರು ಪಟ್ಟಣಗಳ ಜನಸಂಖ್ಯೆ 2011ರ ಜನಗಣತಿಯಲ್ಲಿಯೇ 2.2 ಲಕ್ಷವನ್ನು ಮೀರಿದ್ದಿತು. ಒಳಚರಂಡಿಯುಳ್ಳ ಪಟ್ಟಣಗಳಿಗೆ ತಲೆಗೆ ದಿನಕ್ಕೆ 135 ಲೀಟರೆಂದು ಕೇಂದ್ರ ಸರ್ಕಾರವು ಗೊತ್ತುಮಾಡಿರುವ ಮಾನದಂಡವನ್ನು ಅನುಸರಿಸಿದರೆ ಬೇಕಾಗುವುದು ಸುಮಾರು 3 ಕೋಟಿ ಲೀಟರು. ಕಾಗದದ ಮೇಲೆ ನೀರು ಸಾಲುವುದು, ಸ್ವಲ್ಪ ಮಿಗುವುದೂ ಹೌದು. ಈಗ ಆ ನೀರಿನ ಮೂರನೆಯ ಒಂದು ಪಾಲು ಹಳೆಯ ಕೊಳವೆಗಳ ಬಿರುಕುಗಳಲ್ಲಿಯೂ ಲೆಕ್ಕಕ್ಕೆ ಸಿಕ್ಕದ ಸಂಪರ್ಕಗಳಲ್ಲಿಯೂ ಕಾಣೆಯಾಗುವುದೆಂದು ಇಟ್ಟುಕೊಳ್ಳೋಣ. ಇದು ನಮ್ಮ ದೇಶದ ನಗರಗಳಲ್ಲಿ ಅಸಾಧಾರಣವಾದ ಪ್ರಮಾಣವಲ್ಲ. ಆಗ ಉಳಿಯುವುದು ದಿನಕ್ಕೆ 2.6 ಕೋಟಿಗಿಂತ ಕಡಿಮೆ. ಹಳ್ಳಿಗಳ ಪಾಲನ್ನೂ, 2011ರಿಂದೀಚೆಗೆ ಬೆಳೆದ ಬಡಾವಣೆಗಳನ್ನೂ, ಮಾಲೂರಿನ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಬಂದವರನ್ನೂ, ಮಳೆ ಕೈಕೊಟ್ಟ ವರ್ಷವನ್ನೂ ಇನ್ನೂ ಲೆಕ್ಕಕ್ಕೆ ಸೇರಿಸಿಲ್ಲ. ಎಂದಮೇಲೆ ಎರಡು ದಶಕಗಳಿಗೆ ಸಮೀಪವಾದ ಕಾಲವನ್ನೂ ನೂರಾರು ಕೋಟಿ ರೂಪಾಯಿಗಳನ್ನೂ ಪಡೆದ ಅಣೆಕಟ್ಟೆಯ ಸಾರ್ಥಕ್ಯ ನಿರ್ಣಯವಾಗುವುದು ಮಾರ್ಕಂಡೇಯದ ಕಣಿವೆಯಲ್ಲಲ್ಲ; ಪಟ್ಟಣದ ಗಲ್ಲಿಯಲ್ಲಿ ಮೂರಡಿ ಆಳದಲ್ಲಿ ಕೂಡಿಸಿದ ಕೊಳವೆಯ ಬೆಸುಗೆಯಲ್ಲಿ. ಅಣೆಕಟ್ಟೆಗೆ ಉದ್ಘಾಟನೆಯ ಸಮಾರಂಭವುಂಟು, ಬೆಸುಗೆಗೆ ಅದಿಲ್ಲ. ಅದನ್ನು ಕಣ್ಣಿಟ್ಟು ನೋಡತಕ್ಕ ಸಂಸ್ಥೆ ನಗರಸಭೆಯೊಂದೇ.

ಆದರೆ ಗುತ್ತಿಗೆಯ ಪತ್ರದಲ್ಲಿ ನಗರಸಭೆಯ ಸ್ಥಾನವೇನು? ಸಂವಿಧಾನದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ನೀರು ಸರಬರಾಜು ನಗರಾಡಳಿತದ ವಿಷಯವೆಂದು ನಮೂದಾಗಿದೆ. ವಾಸ್ತವದಲ್ಲಿಯಾದರೋ, 1973ರ ಅಧಿನಿಯಮದಿಂದ ಜನ್ಮತಾಳಿದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ದೊಡ್ಡ ಕಾಮಗಾರಿಗಳ ನಕ್ಷೆಯನ್ನು ಬರೆದು, ಅಂದಾಜನ್ನು ತಯಾರಿಸಿ, ಟೆಂಡರನ್ನು ಕರೆದು, ಕಟ್ಟಿ, ಕಡೆಗೆ ಊರಿಗೆ ಹಸ್ತಾಂತರಿಸುವುದು ಸಾಮಾನ್ಯ ಕ್ರಮ. ಊರಿನ ಪಾಲಿಗೆ ಬರುವುವು ಪಂಪಿನ ವಿದ್ಯುತ್ ಬಿಲ್ಲು, ಸುಟ್ಟ ಮೋಟಾರಿನ ರಿಪೇರಿ, ಜನರ ಬೈಗುಳ. ಮಂಡಳಿಯ ಎಂಜಿನಿಯರುಗಳ ತಾಂತ್ರಿಕ ಜ್ಞಾನವು ಶ್ರೀನಿವಾಸಪುರದಂತಹ ಸಣ್ಣ ಪುರಸಭೆಗೆ ಅತ್ಯವಶ್ಯಕವಾದುದೇ. 2021ರ ಅಕ್ಟೋಬರಿನಲ್ಲಿ ಆರಂಭವಾದ ಅಮೃತ್ ಯೋಜನೆಯ ಎರಡನೆಯ ಆವೃತ್ತಿಯು ಸಣ್ಣ ಪಟ್ಟಣಗಳಿಗೂ ವಿಸ್ತರಿಸಿರುವಾಗ ಆ ನೆರವಿಲ್ಲದೆ ಅವು ಒಂದು ಹೆಜ್ಜೆಯನ್ನೂ ಇಡಲಾರವು. ಆದರೆ ನೆರವು ಬೇರೆ, ಪರಾಧೀನತೆ ಬೇರೆ. ಸಭೆಯೇ ಇಲ್ಲದ ಕಾಲಗಳೂ ನಮ್ಮಲ್ಲಿ ದೀರ್ಘವಾಗಿವೆ: ಕೋಲಾರ, ಮುಳಬಾಗಿಲು, ಕೆಜಿಎಫ್ ನಗರಸಭೆಗಳಿಗೆ 2019ರ ನವೆಂಬರಿನಲ್ಲಿ ಚುನಾವಣೆ ನಡೆದರೂ, ಮೀಸಲಾತಿಯ ವ್ಯಾಜ್ಯದಿಂದಾಗಿ ಅಧ್ಯಕ್ಷರ ಆಯ್ಕೆಗೆ ಒಂದು ವರ್ಷ ಹಿಡಿಯಿತು. ಗೆದ್ದ ಸದಸ್ಯರು ಮನೆಯಲ್ಲಿಯೂ ಕಡತಗಳು ಆಡಳಿತಾಧಿಕಾರಿಗಳ ಮೇಜಿನ ಮೇಲೆಯೂ ಇದ್ದ ಅಂತಹ ಕಾಲದಲ್ಲಿ ವಾರ್ಡಿನ ಅನುಭವವು ಗುತ್ತಿಗೆಯ ಷರತ್ತುಗಳೊಳಕ್ಕೆ ಪ್ರವೇಶಿಸುವ ಬಾಗಿಲೇ ಇರುವುದಿಲ್ಲ.

ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯನ್ನು ಕುರಿತ 1999ರ ಅಧಿನಿಯಮವು ಟೆಂಡರಿನ ದಾರಿಯನ್ನು ಬಹುಮಟ್ಟಿಗೆ ನೇರಗೊಳಿಸಿತೆಂಬುದನ್ನು ಒಪ್ಪಬೇಕು. ಆದರೆ ಕಡಿಮೆ ದರದ ನಿಯಮವು ಕೊಂಡುಕೊಳ್ಳುವ ವಸ್ತು ಏನೆಂಬುದನ್ನು ನಿರ್ಧರಿಸಲಾರದು; ಕೊಂಡುಕೊಳ್ಳುವುದು ಕಿಲೋಮೀಟರುಗಟ್ಟಲೆ ಕೊಳವೆಯನ್ನೋ, ಮನೆಗೆ ತಲುಪಿದ ನೀರನ್ನೋ ಎಂಬುದು ಸಭೆ ಮಾಡತಕ್ಕ ತೀರ್ಮಾನ. ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಲಯಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬರತೊಡಗಿದಾಗ, ಅಲ್ಲಿನ ಗುತ್ತಿಗೆಯ ವಿಶೇಷವು ನಿರ್ವಾಹಕನ ಸಂಭಾವನೆಯ ಒಂದು ಭಾಗವನ್ನು ಫಲಿತಾಂಶಕ್ಕೆ ಕಟ್ಟಿಹಾಕಿದುದರಲ್ಲಿದ್ದಿತು. ಪ್ರಯೋಗದ ವಲಯವನ್ನು ಇಡೀ ನಗರಕ್ಕೆ ವಿಸ್ತರಿಸಲು ದಶಕಕ್ಕೂ ಮೀರಿ ಕಾಲ ಹಿಡಿದುದು ಅದರ ಇನ್ನೊಂದು ಮುಖ. 2008ರಲ್ಲಿಯೇ ಮೈಸೂರು ತನ್ನ ವಿತರಣಾ ಜಾಲವನ್ನು ಜಮ್‌ಶೆಡ್‌ಪುರದ ಜಸ್ಕೋ ಸಂಸ್ಥೆಗೆ ವಹಿಸಿತು. ಅವಧಿ, ದಂಡ, ಹೊಣೆಗಾರಿಕೆಗಳ ವಿವಾದದಲ್ಲಿ ಆ ಸಂಬಂಧ ಕೊನೆಗಂಡಿತು. ಇವೆರಡನ್ನೂ ಕಂಡು ಖಾಸಗಿಯವರಿಂದಲೇ ಉದ್ಧಾರವೆಂದಾಗಲಿ ಅವರಿಂದಲೇ ಸರ್ವನಾಶವೆಂದಾಗಲಿ ಸಿದ್ಧಾಂತ ಮಾಡುವುದು ಅವಸರದ ಮಾತಾದೀತು. ಕಾಂಬೋಡಿಯದ ರಾಜಧಾನಿ ನಾಮ್ ಪೆನ್ ನಗರದ ನೀರು ಸರಬರಾಜು ಸಂಸ್ಥೆಯು 1993ರಲ್ಲಿ ತನ್ನ ನೀರಿನ ಶೇಕಡ 70ಕ್ಕೂ ಹೆಚ್ಚನ್ನು ಸೋರಿಕೆಗೂ ಕಳವಿಗೂ ಕಳೆದುಕೊಳ್ಳುತ್ತಿದ್ದು, ಎಕ್ ಸೊನ್ ಚಾನ್ ಎಂಬ ಎಂಜಿನಿಯರರ ನೇತೃತ್ವದಲ್ಲಿ ಸರ್ಕಾರಿ ಸಂಸ್ಥೆಯಾಗಿಯೇ ಉಳಿದು, ಎರಡು ದಶಕಗಳೊಳಗೆ ಆ ನಷ್ಟವನ್ನು ಶೇಕಡ 10ಕ್ಕಿಂತ ಕೆಳಗಿಳಿಸಿತು. ಅಲ್ಲಿ ಮೊದಲು ನಡೆದ ಕೆಲಸ ಬಳಕೆದಾರರ ಪಟ್ಟಿಯನ್ನು ಮನೆಮನೆಗೆ ಹೋಗಿ ತಿದ್ದಿದುದು, ಮೀಟರುಗಳನ್ನು ಅಳವಡಿಸಿದುದು, ಪ್ರಬಲರಿಂದಲೂ ಶುಲ್ಕ ವಸೂಲು ಮಾಡಿದುದು. ಇವುಗಳಲ್ಲಿ ಒಂದೂ ನಮ್ಮ ಪಟ್ಟಣಗಳ ಶಕ್ತಿಗೆ ಮೀರಿದ್ದಲ್ಲ.

ನೀರಿನ ದರವನ್ನು ಗೊತ್ತುಮಾಡುವ ಅಧಿಕಾರವನ್ನೂ, ಜಲಮೂಲದ ಒಡೆತನವನ್ನೂ, ಬಡವರ ಕೇರಿಗೆ ಸಂಪರ್ಕ ಕೊಡಬೇಕೆ ಬೇಡವೆ ಎಂಬ ತೀರ್ಮಾನವನ್ನೂ ಯಾವ ಗುತ್ತಿಗೆಯ ಮೂಲಕವೂ ಬಿಟ್ಟುಕೊಡಬಾರದು. ಇವು ಮತ ಪಡೆದವರು ಮತ ಕೊಟ್ಟವರೆದುರು ನಿಂತು ಸಮರ್ಥಿಸತಕ್ಕ ವಿಷಯಗಳು. ಕೊಳವೆಯನ್ನು ಹೂಳುವುದನ್ನೂ ಕೆಲವು ವರ್ಷಗಳವರೆಗೆ ನಡೆಸಿಕೊಡುವುದನ್ನೂ ಯೋಗ್ಯನಾದ ಗುತ್ತಿಗೆದಾರನಿಗೆ ವಹಿಸುವುದರಲ್ಲಿ ತಪ್ಪಿಲ್ಲ. ಆದರೆ ಪ್ರತಿ ಓವರ್‌ಹೆಡ್ ಟ್ಯಾಂಕಿನ ಹೊರಹರಿವಿಗೂ ಅಳತೆಯ ಮೀಟರಿಲ್ಲದೆ ಅವನ ಕೆಲಸವನ್ನು ಪರೀಕ್ಷಿಸುವುದು ಹೇಗೆ? ಯಾವ ಕೊಳವೆ ಯಾವ ಬೀದಿಯಲ್ಲಿ ಎಷ್ಟು ಆಳದಲ್ಲಿದೆ, ಯಾವ ವಾಲ್ವು ಎಲ್ಲಿದೆ ಎಂಬ ಜ್ಞಾನವು ಇಂದು ಬಹುಪಾಲು ಊರುಗಳಲ್ಲಿ ನಿವೃತ್ತಿಯ ಅಂಚಿನಲ್ಲಿರುವ ಒಬ್ಬಿಬ್ಬರು ವಾಲ್ವ್‌ಮನ್‌ಗಳ ನೆನಪಿನಲ್ಲಿ ಮಾತ್ರ ಉಳಿದಿದೆ. ಅವರ ತಿಳಿವಳಿಕೆಯನ್ನು ನಕ್ಷೆಗೆ ಇಳಿಸುವ ಕೆಲಸ ಪ್ರತಿಯೊಂದು ಕಾಮಗಾರಿಯ ಮೊದಲ ಕಂತಾಗಬೇಕು. ಆ ನಕ್ಷೆ ನಗರಸಭೆಯ ಸೊತ್ತಾಗಬೇಕು. ಹಳೆಯ ನೀರುಗಂಟಿಯ ಉತ್ತರಾಧಿಕಾರಿಗಳಾದ ಇವರನ್ನು ಹೊರಗುತ್ತಿಗೆಯ ಅಲ್ಪ ಸಂಬಳದಲ್ಲಿ ಇರಿಸಿಕೊಂಡು, ನೂರು ಕೋಟಿಯ ಜಾಲವನ್ನು ಅವರ ಕೈಗೆ ಕೊಡುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.

ನೀರಿನ ಗುಣವನ್ನು ಕುರಿತೂ ಒಂದು ಮಾತು ಹೇಳಬೇಕಾಗಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಎರಡನೆಯ ಹಂತದವರೆಗೆ ಶುದ್ಧೀಕರಿಸಿದ ತ್ಯಾಜ್ಯಜಲವು 2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರ ಕೆರೆಯನ್ನು ತಲುಪಿ, ಮರು ತಿಂಗಳೇ ನೊರೆ ಕಾಣಿಸಿ, ಉಚ್ಚ ನ್ಯಾಯಾಲಯ ತಡೆ ನೀಡಿದುದನ್ನು ಜಿಲ್ಲೆಯ ಜನ ಮರೆತಿಲ್ಲ. ಅನಂತರ ನೀರು ಮತ್ತೆ ಹರಿಯಿತು. ವರ್ಷಗಳಿಂದ ಒಣಗಿದ್ದ ಕೆರೆಗಳು ತುಂಬಿದುವು, ಅಂತರ್ಜಲ ಮೇಲಕ್ಕೆ ಬಂದಿತು, ರೈತನ ಕೊಳವೆಬಾವಿಗೆ ಜೀವ ಬಂದುದು ಸಣ್ಣ ಉಪಕಾರವಲ್ಲ. ಆದರೆ ಪಟ್ಟಣದ ನಲ್ಲಿಗೆ ನೀರುಣಿಸುವ ಕೊಳವೆಬಾವಿಯೂ ಅದೇ ಭೂಗರ್ಭದಿಂದ ಎತ್ತಿಕೊಳ್ಳುವುದಾದ್ದರಿಂದ, ಹಿಂದಿನಿಂದಲೂ ಈ ಸೀಮೆಯನ್ನು ಕಾಡುತ್ತಿರುವ ಫ್ಲೋರೈಡಿನ ಜೊತೆಗೆ ನೈಟ್ರೇಟು, ಭಾರಲೋಹ, ರೋಗಾಣುಗಳ ಪರೀಕ್ಷೆಯೂ ಗುತ್ತಿಗೆಯ ಷರತ್ತಾಗಬೇಕು. ಫಲಿತಾಂಶವು ವಾರ್ಡುವಾರು ತಿಂಗಳಿಗೊಮ್ಮೆ ಜನ ಓದುವಂತಹ ಸ್ಥಳದಲ್ಲಿ ಕನ್ನಡದಲ್ಲಿ ಪ್ರಕಟವಾಗಬೇಕು.

ಸದಸ್ಯರಿಗೆ ಈ ತಾಂತ್ರಿಕ ವಿಷಯಗಳು ಅರ್ಥವಾಗವೆಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಪೌರನು ಸಾರ್ವಜನಿಕ ವಿಚಾರಗಳನ್ನು ಅಭ್ಯಾಸಮಾಡಿ ಮಾತನಾಡಬೇಕೆಂಬ ನಂಬಿಕೆಯಿಂದ 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ ಡಿ. ವಿ. ಗುಂಡಪ್ಪನವರು ಜನಿಸಿದ ಊರು ಮುಳಬಾಗಿಲು. ತನ್ನ ವಾರ್ಡಿನಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುವುದು, ಯಾವ ತಿರುವಿನಾಚೆ ಒತ್ತಡ ಇಳಿಯುವುದು, ಯಾವ ಮನೆಗಳು ತಿಂಗಳ ಆದಾಯದ ಎಷ್ಟು ಪಾಲನ್ನು ಟ್ಯಾಂಕರಿಗೆ ತೆರುವುವು ಎಂಬುದನ್ನು ಅಂದಾಜುಪಟ್ಟಿ ಬರೆಯುವ ಯಾವ ಸಲಹಾ ಸಂಸ್ಥೆಗಿಂತಲೂ ಚೆನ್ನಾಗಿ ಬಲ್ಲವರು ಸದಸ್ಯರೂ, ಅವರಿಗಿಂತ ಚೆನ್ನಾಗಿ ಬಲ್ಲವರು ಕೊಡ ಹಿಡಿದು ಕಾಯುವ ಹೆಂಗಸರೂ ಆಗಿದ್ದಾರೆ. ಈ ತಿಳಿವಳಿಕೆ ಗುತ್ತಿಗೆಯನ್ನು ಸೇರುವುದಕ್ಕೆ ಹೊಸ ಕಾಯಿದೆಯೇನೂ ಬೇಕಿಲ್ಲ. ಟೆಂಡರು ಪ್ರಕಟವಾಗಿ ದರಗಳನ್ನು ತೆರೆದ ಮೇಲೆ ಷರತ್ತನ್ನು ತಿದ್ದುವ ಅವಕಾಶ ಹೋಗಿಬಿಡುವುದರಿಂದ, ಅದರ ಕರಡನ್ನು ಮಂಡಳಿಯು ಮೊದಲೇ ನಗರಸಭೆಯ ಮುಂದಿಡಬೇಕು. ಸಭೆಯು ಅದನ್ನು ವಾರ್ಡುವಾರು ಚರ್ಚಿಸಿ, ಕಡೆಯ ಬಿಲ್ಲಿನ ಗಣನೀಯ ಭಾಗವನ್ನು ಎರಡು ಬೇಸಿಗೆಗಳು ಕಳೆದು, ಕಟ್ಟಕಡೆಯ ಮನೆಯ ನಲ್ಲಿಯಲ್ಲಿ ನಿಗದಿಯಾದ ಒತ್ತಡದಿಂದ ನೀರು ಬರುತ್ತಿರುವುದು ಮೀಟರಿನಿಂದ ಸಿದ್ಧವಾಗುವವರೆಗೆ ತಡೆಹಿಡಿಯುವ ಷರತ್ತನ್ನು ಅದರಲ್ಲಿ ಬರೆಸಬೇಕು.