ಒರಳು ಬಿಟ್ಟವರ ಉಪದೇಶ

ಮಹಿಳಾ ಮಂಡಳದ ಪ್ರದರ್ಶನದಲ್ಲಿ ಗೆಳತಿಯೊಬ್ಬಳು ಚಪ್ಪಲಿಯ ಜೋಡೊಂದನ್ನು ತಿರುವಿ ಮುರುವಿ ನೋಡಿದಳು. ಮೆಚ್ಚಿದಳು. ರೇಟೂ ಕೇಳಿದಳು. ಬಾರನ್ನು ಯಂತ್ರದಲ್ಲಿ ತೆಳು ಮಾಡಿದ್ದೆಂದು ತಿಳಿದೊಡನೆ, "ಹಂಗಾದ್ರ ಬ್ಯಾಡ ಬಿಡ್ರಿ, ನಮಗ ಕೈಯಾಗ ಮಾಡಿದ್ದ ಬೇಕು" ಎಂದು ಕೆಳಗಿಟ್ಟುಬಿಟ್ಟಳು.

ನನಗೆ ಮೈ ಉರಿಯಿತು. ಆಕೆಯ ಅಡುಗೆಮನೆ ನನಗೆ ಗೊತ್ತಿಲ್ಲದ್ದೇನಲ್ಲ. ಅತ್ತೆಯ ಕಾಲದ ಒರಳು ಹಿತ್ತಲಲ್ಲಿ ಬೋರಲು ಬಿದ್ದಿದೆ. ಚಟ್ನಿಗೆ ಮಿಕ್ಸಿ, ದೋಸೆಹಿಟ್ಟಿಗೆ ಗ್ರೈಂಡರ್, ಬಟ್ಟೆಗೆ ವಾಷಿಂಗ್ ಮಷೀನ್. ನನ್ನ ಮನೆಯೂ ಹಾಗೇ. ನಮ್ಮ ರಟ್ಟೆ ಉಳಿಸಿಕೊಂಡದ್ದಕ್ಕೆ ನಮಗೆ ನಾಚಿಕೆಯಿಲ್ಲ, ಇರಲೂಬಾರದು. ಹಾಗಿದ್ದರೆ ಚಪ್ಪಲಿ ಮಾಡುವವಳ ರಟ್ಟೆ ಮಾತ್ರ ಯಾಕೆ ಸವೆಯಬೇಕು?

ಶಿರಹಟ್ಟಿ ತಾಲೂಕಿನ ಮಾಗಡಿ ನನ್ನ ತವರು. ಕೆಂಪೇಗೌಡರ ಮಾಗಡಿಯಲ್ಲ, ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬಂದಿಳಿಯುವ ಕೆರೆಯ ಮಾಗಡಿ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಹಕ್ಕಿ ನೋಡಲು ಬಂದವರು ಕೆರೆಯ ದಂಡೆಯಿಂದಲೇ ಹಿಂದಿರುಗುತ್ತಾರೆ, ಓಣಿಗಳಿಗೆ ಬರುವುದಿಲ್ಲ. ಕೊನೆಯ ಓಣಿಯಲ್ಲಿ ಸಮಗಾರರ ಮನೆಯವಳೊಬ್ಬಳು ನನ್ನ ಓರಗೆಯವಳು. ಒಂದೇ ಸಾಲಿ, ಒಂದೇ ವರ್ಗ. ಆಕೆ ನಮ್ಮ ಮನೆಗೆ ಬಂದರೆ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಎಷ್ಟೋ ಸಲ ಸುರಿದವಳು ನಾನೇ.

ಆಕೆ ಬಾರು ತೆಳು ಮಾಡುವುದನ್ನು ನಾನು ಗಂಟೆಗಟ್ಟಲೆ ಕುಳಿತು ನೋಡಿದ್ದೇನೆ. ಹದ ಮಾಡಿದ ತೊಗಲು ಎಲ್ಲ ಕಡೆಗೂ ಒಂದೇ ದಪ್ಪ ಇರುವುದಿಲ್ಲ. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಸಡಿಲು. ಬಾರನ್ನು ಕಲ್ಲಿನ ಮೇಲೆ ಬೋರಲು ಹಾಕಿ, ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಲಗೈಯ ರಂಪಿಗೆಯಿಂದ ಒರಟು ಮೈಯನ್ನು ಎಳೆ ಎಳೆಯಾಗಿ ಹೆರೆಯಬೇಕು. ಒಂದು ಕಡೆ ಒತ್ತು ಹೆಚ್ಚಾದರೆ ಅಲ್ಲಿ ಬಾರು ಜೊಳ್ಳಾಗುತ್ತದೆ, ನಾಳೆ ಅಲ್ಲೇ ಹರಿಯುತ್ತದೆ. ಜಾರಿದರೆ ರಂಪಿಗೆ ಹೆಬ್ಬೆರಳಿಗೇ. ಆಕೆಯ ಎಡ ಹೆಬ್ಬೆರಳಿನ ತುದಿಗೆ ಇವತ್ತು ಬಿಸಿ ತಣ್ಣಗೆ ತಿಳಿಯುವುದಿಲ್ಲ. "ಚಾದ ಕಪ್ಪು ಹಿಡಿಯಾಕ ಚಲೋ ಆತು ಬಿಡ್ರಿ ಅಕ್ಕಾರ" ಎಂದು ನಗುತ್ತಾಳೆ. ನನಗೆ ನಗು ಬರಲಿಲ್ಲ.

ಅವರ ಮಗ ಹುಬ್ಬಳ್ಳಿಯಿಂದ ಹಳೆಯದೊಂದು ಕೈಯಂತ್ರ ತಂದ. ಯಂತ್ರವೆಂದರೆ ಏನೋ ಎಂದುಕೊಳ್ಳಬೇಡಿ. ಅದಕ್ಕೆ ಕರೆಂಟು ಬೇಡ, ಮೋಟರಿಲ್ಲ. ಹಲಗೆಗೆ ಬಿಗಿದ ಒಂದು ಕಬ್ಬಿಣದ ಚೌಕಟ್ಟು, ಅಡ್ಡಲಾಗಿ ಕೂತ ಒಂದು ಅಲಗು, ಅದಕ್ಕೆದುರಾಗಿ ಒಂದು ಉರುಳೆ, ಮೇಲೆ ಹಿಡಿ. ನಯವಾದ ಮೈ ಉರುಳೆಗೆ, ಒರಟು ಮೈ ಅಲಗಿಗೆ ಬರುವಂತೆ ಬಾರು ತೂರಿಸಿ ಎಳೆದರೆ ಬೇಡವಾದದ್ದು ಸಿಪ್ಪೆಯಂತೆ ಬೇರೆಯಾಗುತ್ತದೆ. ಅಲಗಿಗೂ ಉರುಳೆಗೂ ಎಷ್ಟು ಸಂದು ಬಿಡುತ್ತೇವೋ ಅಷ್ಟೇ ದಪ್ಪ ಉಳಿಯುತ್ತದೆ. ಬೆಲ್ಟಿನಲ್ಲಿ ಬಕ್ಕಲ್ಲಿಗೆ ಮಡಚುವ ತುದಿಯಷ್ಟನ್ನೇ ತೆಳು ಮಾಡಿ ಅಲ್ಲಿಗೆ ನಿಲ್ಲಿಸಲೂಬಹುದು.

ಆದರೆ ಬುದ್ಧಿಯನ್ನು ಯಂತ್ರ ಕೊಡುವುದಿಲ್ಲ. ಒಂದೇ ಎಳೆತಕ್ಕೆ ಬಹಳ ತೆಗೆಯಹೋದರೆ ಬಾರೇ ತುಂಡಾಗುತ್ತದೆ. ಅಲಗು ಮೊಂಡಾದರೆ ತೊಗಲು ಸುಕ್ಕುಗಟ್ಟಿ ಸಿಕ್ಕಿಕೊಳ್ಳುತ್ತದೆ. ಎತ್ತಿನ ಕೊರಳಪಟ್ಟಿಯನ್ನು ಚಪ್ಪಲಿಯ ಬಾರಿನಂತೆ ತೆಳು ಮಾಡಿದರೆ ಜಗ್ಗಾಟಕ್ಕೆ ತಡೆಯುವುದಿಲ್ಲ. ಯಾವುದಕ್ಕೆ ಎಷ್ಟು ಎಂಬುದು ಆಕೆಯ ಬೆರಳಿಗೇ ಗೊತ್ತು. ಅಂಚು ಹೆರೆಯಲು ಈಗಲೂ ರಂಪಿಗೆಯೇ ಬೇಕು. ಹೆಣಿಗೆ, ಹೊಲಿಗೆ ಎಲ್ಲ ಕೈಯಲ್ಲೇ. ಹೋದದ್ದು ದಿನವಿಡೀ ಹೆರೆಯುವ ದುಡಿತ ಒಂದೇ. ಅದನ್ನು ಕಲೆ ಎಂದು ಕರೆದವರು ಯಾರೂ ಅದನ್ನು ಮಾಡಿದವರಲ್ಲ.

2025ರ ಜೂನಿನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನು ಹೋಲುವ ಚಪ್ಪಲಿಯನ್ನು ಅದರ ಊರು ಹೇಳದೆ ಮೆರೆಸಿದಾಗ ನಾವೆಲ್ಲ ಕೂಗಾಡಿದೆವು. ಕೂಗಬೇಕಾದದ್ದೇ. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಜಿಐ ಮಾನ್ಯತೆಯಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. ಆದರೆ ಮಿಲಾನಿನವರ ಮೇಲೆ ಸಿಟ್ಟಾದ ನಾವೇ ಸಂತೆಯಲ್ಲಿ ಅದೇ ಚಪ್ಪಲಿಗೆ ಐವತ್ತು ರೂಪಾಯಿ ಇಳಿಸಿರೆಂದು ಅರ್ಧ ಗಂಟೆ ಜಗ್ಗಾಡುತ್ತೇವಲ್ಲ!

ಇನ್ನೊಂದು ಮಾತು, ಇದು ಸರಕಾರಕ್ಕೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳಿವೆ, ಚಪ್ಪಲಿ ಮಾಡುವವರೂ ಸೇರಿದ್ದಾರೆ. ಉಪಕರಣ ಕೊಳ್ಳಲು 15,000 ರೂಪಾಯಿಯ ನೆರವುಂಟು. ಒಳ್ಳೆಯದೇ. ಆದರೆ ಒಂದು ಕುಟುಂಬಕ್ಕೆ ಒಬ್ಬರೇ! ಗಂಡ ಕತ್ತರಿಸುತ್ತಾನೆ, ಹೆಂಡತಿ ತೆಳು ಮಾಡಿ ಹೆಣೆದು ಹೊಲಿಯುತ್ತಾಳೆ. ಅರ್ಜಿಯಲ್ಲಿ ಹೆಸರು ಯಾರದು ಬೀಳುತ್ತದೆಂದು ನಿಮಗೆ ನಾನು ಹೇಳಬೇಕೆ? "ನಿನ್ನ ಹೆಸರ್ಯಾಕ ಬರಸಲಿಲ್ಲ?" ಎಂದು ಕೇಳಿದೆ. "ಅವರದ ಇರಲಿ ಬಿಡ್ರಿ ಅಕ್ಕಾರ, ನಾ ಏನ ಮನ್ಯಾಗ ಕುಂತ ಮಾಡಾಕಿ" ಅಂದಳು. ಮನೆಯಲ್ಲಿ ಕುಳಿತು ಮಾಡಿದ್ದು ಕಸುಬಲ್ಲ ಎಂದು ಆಕೆಗೆ ಹೇಳಿಕೊಟ್ಟವರು ಯಾರು? ನಮಗೂ ಅವರೇ ಹೇಳಿಕೊಟ್ಟದ್ದು.

ಪ್ರದರ್ಶನದ ಆ ಜೋಡನ್ನು ನಾನೇ ಕೊಂಡೆ, ಚೌಕಾಸಿ ಮಾಡದೆ. ಗೆಳತಿಗೆ, ಒಂದು ದಿನ ಮಾಗಡಿಗೆ ಬಂದು ಮೊಳದಷ್ಟು ಬಾರನ್ನು ರಂಪಿಗೆಯಿಂದ ಹೆರೆದು ತೋರಿಸು, ಆಮೇಲೆ ಕೈಕೆಲಸದ ಮಾತಾಡೋಣ ಎಂದೆ. ಬರುವ ರವಿವಾರ ಬರುತ್ತಾಳಂತೆ. ಲಕ್ಷ್ಮೇಶ್ವರದ ಬಸ್ಸಿನ ಟೈಮು ಕೇಳಿಕೊಂಡಿದ್ದಾಳೆ.